ದರ್ಜಿಯ ಟೇಪು ಮತ್ತು ವಿಮಾನದ ದಾರಿ

2021ರ ಜನವರಿ ಎರಡನೆಯ ವಾರದ ಮಾತು. ಕೊರೊನಾ ಕಾಟದಿಂದ ತಿಂಗಳುಗಟ್ಟಲೆ ಮುಚ್ಚಿದ್ದ ನಮ್ಮ ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿ ಆಗಷ್ಟೇ ಶುರುವಾಗಿತ್ತು. ಬೆಳಿಗ್ಗೆ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ದಿನಪತ್ರಿಕೆ ಹಿಡಿದುಕೊಂಡು ಬಾಗಿಲಲ್ಲಿ ನಿಂತರು. ಅವರ ಮಗ ಕ್ಯಾಲಿಫೋರ್ನಿಯದಲ್ಲಿದ್ದಾನೆ. ಒಂದೂವರೆ ವರ್ಷದಿಂದ ಮಗನ ಮುಖ ನೋಡಿರಲಿಲ್ಲ.

"ಏನ್ರೀ ಮೇಷ್ಟ್ರೇ ಇದು? ಆ ಕಡೆಯಿಂದ ವಿಮಾನ ಶನಿವಾರ ರಾತ್ರಿ ಎಂಟೂವರೆಗೆ ಹೊರಟು ಬೆಂಗಳೂರಿಗೆ ಬರೋದು ಸೋಮವಾರ ನಸುಕಿನಲ್ಲಿ ಮೂರೂಮುಕ್ಕಾಲಕ್ಕಂತೆ. ಇಲ್ಲಿಂದ ಹೋಗೋದು ಸೋಮವಾರ ಮಧ್ಯಾಹ್ನ ಎರಡೂವರೆಗೆ ಹೊರಟು ಅದೇ ದಿನ ಸಂಜೆ ಐದಕ್ಕೆ ಅಲ್ಲಿರುತ್ತಂತೆ. ಬರೋಕೆ ಎರಡು ದಿನ, ಹೋಗೋಕೆ ಎರಡೂವರೆ ತಾಸೇ? ನಮ್ಮೂರಿಂದ ಶಿವಮೊಗ್ಗಕ್ಕೆ ಹೋಗೋಕೇ ಅಷ್ಟು ಹೊತ್ತು ಬೇಕಲ್ರೀ!"

ಸುದ್ದಿ ಓದುಗರಿಗೆ ನೆನಪಿರಬಹುದು. ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಎಲ್ಲೂ ನಿಲ್ಲದೆ ಬರುವ ಏರ್ ಇಂಡಿಯಾದ ಮೊದಲ ವಿಮಾನ ಅದು. ಜನವರಿ 9ರಂದು ಹೊರಟಿತು. ನಡೆಸಿದವರು ನಾಲ್ವರು ಮಹಿಳಾ ಪೈಲಟ್‌ಗಳು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್‌ವಾಲ್. ಬಂದದ್ದು ಉತ್ತರ ಧ್ರುವದ ಮೇಲಿನಿಂದ! ಎರಡು ಊರುಗಳ ನಡುವಿನ ನೇರ ದೂರ 13,993 ಕಿಲೋಮೀಟರ್ ಎಂದು ಪತ್ರಿಕೆ ಬರೆದಿತ್ತು.

ಪೋಸ್ಟ್‌ಮಾಸ್ಟರ ಕಣ್ಣು ಹೊತ್ತಿನ ಮೇಲಿತ್ತು. ನನ್ನ ಕಣ್ಣು ಮಾತ್ರ ಆ 13,993ರ ಮೇಲೆ ನಿಂತುಬಿಟ್ಟಿತು. ಏಕೆಂದು ಆಮೇಲೆ ಹೇಳುತ್ತೇನೆ. ಮೊದಲು ಅವರ ಪ್ರಶ್ನೆಗೆ ಉತ್ತರ.

ಎರಡು ಗಡಿಯಾರ, ಒಂದು ಲೆಕ್ಕ

ಭೂಮಿ 24 ತಾಸಿನಲ್ಲಿ 360 ಡಿಗ್ರಿ ತಿರುಗುತ್ತದೆ. ಎಂದರೆ ತಾಸಿಗೆ 15 ಡಿಗ್ರಿ. ನಮ್ಮ ದೇಶದ ಗಡಿಯಾರವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಲಾಗಿದೆ. ಕ್ಯಾಲಿಫೋರ್ನಿಯದ ಗಡಿಯಾರ 120 ಡಿಗ್ರಿ ಪಶ್ಚಿಮ ರೇಖಾಂಶಕ್ಕೆ ಹೊಂದಿಕೊಂಡದ್ದು. ಎರಡನ್ನೂ ಕೂಡಿದರೆ 202.5 ಡಿಗ್ರಿ. ಅದನ್ನು 15ರಿಂದ ಭಾಗಿಸಿ. ಹದಿಮೂರೂವರೆ ತಾಸು! ಚಳಿಗಾಲದಲ್ಲಿ ಅವರ ಗಡಿಯಾರ ನಮ್ಮದಕ್ಕಿಂತ ಅಷ್ಟು ಹಿಂದೆ. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ತಾಸು ಮುಂದಕ್ಕಿಡುವುದರಿಂದ ವ್ಯತ್ಯಾಸ ಹನ್ನೆರಡೂವರೆ ತಾಸು.

ಈಗ ಪೋಸ್ಟ್‌ಮಾಸ್ಟರ ಲೆಕ್ಕ ಮಾಡೋಣ. ಅಲ್ಲಿ ಶನಿವಾರ ರಾತ್ರಿ ಎಂಟೂವರೆ ಎಂದರೆ ಇಲ್ಲಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಅಲ್ಲಿಂದ ಸೋಮವಾರ ನಸುಕಿನ ಮೂರೂಮುಕ್ಕಾಲಿಗೆ ಹದಿನೇಳೂಮುಕ್ಕಾಲು ತಾಸು. ಎರಡು ದಿನವೂ ಅಲ್ಲ, ಒಂದು ದಿನವೂ ಅಲ್ಲ. ಇನ್ನು ಹೋಗುವಾಗ? ಇಲ್ಲಿ ಸೋಮವಾರ ಮಧ್ಯಾಹ್ನ ಎರಡೂವರೆ ಆಗಿದ್ದಾಗ ಅಲ್ಲಿ ಸೋಮವಾರ ರಾತ್ರಿ ಒಂದು ಗಂಟೆ, ಊರೆಲ್ಲ ಮಲಗಿರುವ ಹೊತ್ತು. ಒಂದು ಗಂಟೆಯಿಂದ ಸಂಜೆ ಐದಕ್ಕೆ ಹದಿನಾರು ತಾಸು.

ನಮ್ಮ ಮಕ್ಕಳು ಪರೀಕ್ಷೆಯಲ್ಲಿ ತಪ್ಪುವುದು ಇಲ್ಲಿಯೇ. ತಲುಪಿದ ಹೊತ್ತಿನಿಂದ ಹೊರಟ ಹೊತ್ತನ್ನು ಕಳೆದು, ಉಳಿದದ್ದರಿಂದ ದೂರವನ್ನು ಭಾಗಿಸಿಬಿಡುತ್ತಾರೆ. ಹಾಗೆ ಮಾಡಿದರೆ ಈ ವಿಮಾನದ ವೇಗ ತಾಸಿಗೆ 5,600 ಕಿ.ಮೀ. ಎಂದಾಗುತ್ತದೆ! ಜೇಬಿನಲ್ಲಿರುವ ರೂಪಾಯಿಯಿಂದ ಡಾಲರನ್ನು ಹಾಗೆಯೇ ಕಳೆಯಲು ಬರುತ್ತದೆಯೇ? ಮೊದಲು ಎರಡನ್ನೂ ಒಂದೇ ನಾಣ್ಯಕ್ಕೆ ತರಬೇಕು. ಹೊತ್ತೂ ಹಾಗೆಯೇ. ಎರಡೂ ವೇಳೆಯನ್ನು ಒಂದೇ ಗಡಿಯಾರಕ್ಕೆ ತಂದ ಮೇಲೆಯೇ ಕಳೆಯಬೇಕು.

ಪೋಸ್ಟ್‌ಮಾಸ್ಟರಿಗೆ ಸಮಾಧಾನವಾಯಿತು. ಆದರೆ ಹೋಗುತ್ತಾ ಇನ್ನೊಂದು ಪ್ರಶ್ನೆ ಎಸೆದು ಹೋದರು. "ಅಲ್ಲ ಮೇಷ್ಟ್ರೇ, ಹೋಗೋಕೆ ಹದಿನಾರು, ಬರೋಕೆ ಹದಿನೇಳೂಮುಕ್ಕಾಲು ಯಾಕೆ? ಊರು ಅಲ್ಲೇ ಇದೆಯಲ್ಲ!" ಒಳ್ಳೆಯ ಪ್ರಶ್ನೆ. ಅದಕ್ಕೂ ಬರುತ್ತೇನೆ. ಈಗ ಆ 13,993ರ ಕಥೆ.

ಕೆಂಪು ಶಾಯಿಯ ತಪ್ಪು

ಅದಕ್ಕೆ ಎಂಟು ಒಂಬತ್ತು ವರ್ಷದ ಹಿಂದೆ ನಮ್ಮ ಶಾಲೆಯ ಸಮಾಜ ವಿಜ್ಞಾನದ ಮೇಷ್ಟ್ರು ರಜೆಯ ಮೇಲಿದ್ದಾಗ ಅವರ ಪಾಠವೂ ನನ್ನ ಪಾಲಿಗೆ ಬಂದಿತ್ತು. ಒಂಬತ್ತನೆಯ ತರಗತಿಗೆ ಅಂಕಕ್ಕೆ ಸೇರುವ ಒಂದು ಚಟುವಟಿಕೆ ಕೊಟ್ಟೆ. ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ನೇರ ದೂರ ಎಷ್ಟು? ಗೋಡೆಯ ನಕ್ಷೆ ನೋಡಿ ಕಂಡುಹಿಡಿಯಿರಿ.

ನಾನೇ ಮೊದಲು ಮರದ ಮೀಟರು ಪಟ್ಟಿ ಇಟ್ಟು ಅಳೆದುಕೊಂಡಿದ್ದೆ. ಭಾರತದಿಂದ ಹೊರಟ ಗೆರೆ ಅರಬ್ಬೀ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ಸಾಗರ ದಾಟಿ, ಇಡೀ ಅಮೆರಿಕವನ್ನು ಹಾದು ಅದರ ಪಶ್ಚಿಮ ದಂಡೆ ಮುಟ್ಟಿತು. 90 ಸೆಂಟಿಮೀಟರ್. ನಕ್ಷೆಯ ಪ್ರಮಾಣ ಒಂದು ಸೆಂಟಿಮೀಟರಿಗೆ 250 ಕಿ.ಮೀ. ಉತ್ತರ 22,500 ಕಿ.ಮೀ. ಮಕ್ಕಳೂ ಹಾಗೆಯೇ ಅಳೆದು ಬರೆದಿದ್ದರು. ಒಬ್ಬಳು ಹುಡುಗಿಯ ಪುಸ್ತಕದಲ್ಲಿ ಮಾತ್ರ "ಸುಮಾರು 14,000 ಕಿ.ಮೀ." ಎಂದಿತ್ತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಗ್ಲೋಬಿನ ಮೇಲೆ ಟೇಪಿನಿಂದ ಅಳೆದೆ" ಎಂಬ ಸಾಲು.

ಕೆಂಪು ಶಾಯಿಯಲ್ಲಿ ತಪ್ಪು ಹಾಕಿ ಐದಕ್ಕೆ ಒಂದು ಅಂಕ ಕೊಟ್ಟೆ.

ಮರುದಿನ ಅವಳು ಸ್ಟಾಫ್ ರೂಮಿಗೆ ಬಂದಳು. "ಸಾರ್, ಭೂಮಿಯ ಸುತ್ತಳತೆ 40 ಸಾವಿರ ಅಂತ ನೀವೇ ಹೇಳಿದ್ರಿ. ಅದರ ಅರ್ಧ 20 ಸಾವಿರ. ಇಷ್ಟು ಭೂಮಿ ಮೇಲೆ ಒಂದು ಊರಿಂದ ಇನ್ನೊಂದು ಊರು 22 ಸಾವಿರ ದೂರ ಇರೋದು ಹೇಗೆ ಸಾರ್?"

ಇನ್ನೊಮ್ಮೆ ಓದಿ ನೋಡಿ ಓದುಗರೇ. ಎಂಥ ಪ್ರಶ್ನೆ! ಗೋಲದ ಮೇಲೆ ನೀವು ನಿಂತಿರುವ ಜಾಗದಿಂದ ಅತಿ ದೂರದ ಜಾಗ ಎಂದರೆ ನಿಮ್ಮ ಪಾದದ ನೇರ ಕೆಳಗಿನ, ಭೂಮಿಯ ಇನ್ನೊಂದು ಬದಿಯ ಜಾಗ. ಅಲ್ಲಿಗೆ ಅರ್ಧ ಸುತ್ತು, 20 ಸಾವಿರ ಕಿ.ಮೀ. ಅದಕ್ಕಿಂತ ದೂರ ಹೋದಿರೋ, ಇನ್ನೊಂದು ಕಡೆಯಿಂದ ಹತ್ತಿರ ಬರತೊಡಗಿದಿರಿ ಎಂದೇ ಅರ್ಥ. 22,500 ಎಂಬ ಉತ್ತರ ತಪ್ಪಷ್ಟೇ ಅಲ್ಲ, ಅದು ಸಾಧ್ಯವೇ ಇಲ್ಲದ ಉತ್ತರ. ಅದನ್ನು ಒಂಬತ್ತನೆಯ ತರಗತಿಯ ಮಗು ಕಂಡಿತ್ತು. ಬಿ.ಎಸ್ಸಿ., ಬಿ.ಎಡ್. ಮಾಡಿದ ನಾನು ಕಂಡಿರಲಿಲ್ಲ.

ಎದುರಿಗೆ ನಾಲ್ವರು ಸಹೋದ್ಯೋಗಿಗಳು ಚಹಾ ಕುಡಿಯುತ್ತಾ ಕುಳಿತಿದ್ದರು. "ನಕ್ಷೆ ನೋಡಿ ಬರಿ ಅಂದಿದ್ದೆ. ನಕ್ಷೆಯಲ್ಲಿ ಇದ್ದ ಹಾಗೆ ಬರಿ. ಜಾಣತನ ಬೇಡ" ಎಂದು ಬಿಟ್ಟೆ. ಅವಳು ಪುಸ್ತಕ ತೆಗೆದುಕೊಂಡು ಹೋದಳು. ಮುಂದೆ ಹತ್ತನೆಯ ತರಗತಿ ಮುಗಿಯುವವರೆಗೆ ಅವಳು ನನ್ನನ್ನು ಇನ್ನೊಂದು ಪ್ರಶ್ನೆ ಕೇಳಿದ ನೆನಪು ನನಗಿಲ್ಲ.

ನಕ್ಷೆ ಎಲ್ಲಿ ಮೋಸ ಮಾಡುತ್ತದೆ?

ಕಿತ್ತಳೆ ಹಣ್ಣಿನ ಸಿಪ್ಪೆಯನ್ನು ಇಡಿಯಾಗಿ ಬಿಡಿಸಿ ಮೇಜಿನ ಮೇಲೆ ಚಪ್ಪಟೆಯಾಗಿ ಒತ್ತಿ ನೋಡಿ. ಹರಿಯದೆ ಕೂರುವುದಿಲ್ಲ. ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವವರಿಗೂ ಅದೇ ಕಷ್ಟ. ಎಲ್ಲಾದರೂ ಹಿಗ್ಗಿಸಲೇಬೇಕು. 1569ರಲ್ಲಿ ಮರ್ಕೇಟರ್ ಎಂಬಾತ ನಾವಿಕರಿಗಾಗಿ ಒಂದು ಲೋಕನಕ್ಷೆ ಮಾಡಿದ. ಅದರಲ್ಲಿ ದಿಕ್ಕುಗಳು ಸರಿಯಾಗಿರುತ್ತವೆ, ದಿಕ್ಸೂಚಿಯನ್ನು ಒಂದೇ ಕೋನದಲ್ಲಿ ಹಿಡಿದು ಹಡಗು ನಡೆಸಬಹುದು. ಆದರೆ ಅದಕ್ಕೆ ತೆತ್ತ ಬೆಲೆ ದೊಡ್ಡದು. ಸಮಭಾಜಕ ವೃತ್ತದಿಂದ ಮೇಲೆ ಹೋದಷ್ಟೂ ಎಲ್ಲವೂ ಹಿಗ್ಗುತ್ತವೆ. ಆ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜವಾಗಿ ಆಫ್ರಿಕ ಅದರ ಹದಿನಾಲ್ಕು ಪಟ್ಟು! ನಮ್ಮ ಶಾಲೆಯ ಗೋಡೆಯಲ್ಲಿದ್ದದ್ದು ಇದೇ ಬಗೆಯ ನಕ್ಷೆ.

ರೇಖಾಂಶಗಳ ನಡುವಿನ ಅಂತರವನ್ನೇ ನೋಡಿ. ಸಮಭಾಜಕದಲ್ಲಿ ಒಂದು ಡಿಗ್ರಿಗೆ 111 ಕಿ.ಮೀ. 60 ಡಿಗ್ರಿ ಅಕ್ಷಾಂಶದಲ್ಲಿ ಅದರ ಅರ್ಧ ಮಾತ್ರ. ಧ್ರುವದಲ್ಲಿ ಸೊನ್ನೆ. ನಕ್ಷೆಯಲ್ಲಿ ಮಾತ್ರ ಎಲ್ಲ ಕಡೆಯೂ ಅಷ್ಟೇ ಅಗಲ.

ಎರಡನೆಯ ಮೋಸ ಕಾಗದದ ಅಂಚು. ನಕ್ಷೆಯ ಎಡ ಅಂಚೂ ಬಲ ಅಂಚೂ ಭೂಮಿಯ ಮೇಲೆ ಒಂದೇ ಜಾಗ. ನಕ್ಷೆಯನ್ನು ಕೊಳವೆಯಂತೆ ಸುತ್ತಿ ಅಂಚು ಕೂಡಿಸಿದರೆ ಭಾರತದಿಂದ ಪೂರ್ವಕ್ಕೆ, ಪೆಸಿಫಿಕ್ ಸಾಗರದ ಮೇಲೆ ಇನ್ನೊಂದು ನೇರ ಗೆರೆ ಎಳೆಯಬಹುದು. ಆ ಗೆರೆಯ ಉದ್ದವನ್ನು ಹಿಗ್ಗಿದ ಲೆಕ್ಕ ಕಳೆದು ತೆಗೆದರೆ ಸುಮಾರು 16,100 ಕಿ.ಮೀ. ಆಗುತ್ತದೆ. ಪಡುವಣ ಗೆರೆಗಿಂತ ಎಷ್ಟೋ ವಾಸಿ. ಆದರೂ ಅದು ಅತಿ ಹತ್ತಿರದ ದಾರಿಯಲ್ಲ.

ಅತಿ ಹತ್ತಿರದ ದಾರಿ ಬೇಕಿದ್ದರೆ ಗ್ಲೋಬಿನ ಮೇಲೆ ಎರಡು ಊರಿಗೂ ಒಂದು ದಾರ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಸರಿದು ತನ್ನ ದಾರಿ ಹುಡುಕಿಕೊಳ್ಳುತ್ತದೆ. ಆ ದಾರಿಯನ್ನು ಮುಂದುವರಿಸಿದರೆ ಭೂಮಿಯನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತವಾಗುತ್ತದೆ. ಅದಕ್ಕೇ ಅದರ ಹೆಸರು ಮಹಾವೃತ್ತ. ಬೆಂಗಳೂರು–ಸ್ಯಾನ್‌ಫ್ರಾನ್ಸಿಸ್ಕೊ ದಾರ ಪೆಸಿಫಿಕ್ಕಿಗೂ ಹೋಗುವುದಿಲ್ಲ, ಆಫ್ರಿಕಕ್ಕೂ ಹೋಗುವುದಿಲ್ಲ. ಉತ್ತರಕ್ಕೆ ಏರಿ ಸೈಬೀರಿಯದ ಮೇಲೆ 71 ಡಿಗ್ರಿ ಅಕ್ಷಾಂಶದವರೆಗೆ ಹೋಗಿ ಆಮೇಲೆ ಇಳಿಯುತ್ತದೆ!

ಮನೆಯಲ್ಲೇ ಮಾಡುವ ಲೆಕ್ಕ

ಆ ಹುಡುಗಿ ಮಾಡಿದ್ದು ಇಷ್ಟು. ಶಾಲೆಯ ಗ್ಲೋಬಿನ ವ್ಯಾಸ 30 ಸೆಂ.ಮೀ. ಸಮಭಾಜಕದ ಸುತ್ತ ಟೇಪು ಸುತ್ತಿದಳು. 94 ಸೆಂ.ಮೀ. ಎರಡು ಊರಿನ ನಡುವೆ ಟೇಪು ಎಳೆದಳು. 33 ಸೆಂ.ಮೀ. ಆಮೇಲೆ ಐದನೆಯ ತರಗತಿಯಲ್ಲಿ ಕಲಿತ ಗುಣಾಕಾರ, ಭಾಗಾಕಾರ. 33ನ್ನು 94ರಿಂದ ಭಾಗಿಸಿ 40,000ದಿಂದ ಗುಣಿಸಿದರೆ 14,043. ಪತ್ರಿಕೆಯ 13,993ಕ್ಕೂ ಇದಕ್ಕೂ ವ್ಯತ್ಯಾಸ ಬರೀ 50 ಕಿ.ಮೀ.! ಟೇಪಿನಿಂದ ಅಳೆದ ಲೆಕ್ಕಕ್ಕೆ ಇದಕ್ಕಿಂತ ಇನ್ನೇನು ಬೇಕು?

ಗ್ಲೋಬು ಇಲ್ಲದ ಮಕ್ಕಳಿಗೆ ಇನ್ನೊಂದು ಉಪಾಯ ಇದೆ, ಬರೀ ಕೂಡುವುದು, ಕಳೆಯುವುದು ಗೊತ್ತಿದ್ದರೆ ಸಾಕು. ಭೂಮಿಯ ಸುತ್ತಳತೆ ಸರಾಸರಿ 40,030 ಕಿ.ಮೀ. 360ರಿಂದ ಭಾಗಿಸಿದರೆ ಡಿಗ್ರಿಗೆ 111.2 ಕಿ.ಮೀ. ಮೊದಲು ದೆಹಲಿಗೆ ಹೋಗೋಣ. ದೆಹಲಿ ಮತ್ತು ಬೆಂಗಳೂರು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ದೆಹಲಿಯ ಅಕ್ಷಾಂಶ 28.6, ಬೆಂಗಳೂರು ವಿಮಾನ ನಿಲ್ದಾಣದ್ದು 13.2. ವ್ಯತ್ಯಾಸ 15.4 ಡಿಗ್ರಿ. 111.2ರಿಂದ ಗುಣಿಸಿ. ಸುಮಾರು 1,710 ಕಿ.ಮೀ. ರೈಲಿನಲ್ಲಿ ಹೋದರೆ 2,300 ಕಿ.ಮೀ.ಗೂ ಹೆಚ್ಚು. ರೈಲು ಊರು ಊರು ಮುಟ್ಟಿ, ಬೆಟ್ಟ ಬಳಸಿ, ನದಿ ದಾಟಿ ಹೋಗಬೇಕಲ್ಲವೇ?

ಈಗ ಅಮೆರಿಕ. ಬೆಂಗಳೂರಿನಿಂದ ನೇರ ಉತ್ತರ ಧ್ರುವಕ್ಕೆ ಏರಿ. 90ರಲ್ಲಿ 13.2 ಕಳೆದರೆ 76.8 ಡಿಗ್ರಿ. ಧ್ರುವದಿಂದ ಆಚೆ ಬದಿಗೆ ಇಳಿದು 37.6 ಡಿಗ್ರಿಯಲ್ಲಿರುವ ಸ್ಯಾನ್‌ಫ್ರಾನ್ಸಿಸ್ಕೊಗೆ ಬನ್ನಿ. ಅದು 52.4 ಡಿಗ್ರಿ. ಒಟ್ಟು 129.2 ಡಿಗ್ರಿ, ಎಂದರೆ ಸುಮಾರು 14,370 ಕಿ.ಮೀ. ಲೋಕದ ನೆತ್ತಿಯನ್ನೇ ಮುಟ್ಟಿ ಹೋದರೂ ನೇರ ದೂರಕ್ಕಿಂತ ಹೆಚ್ಚಾಗುವುದು 400 ಕಿ.ಮೀ.ಗಿಂತ ಕಡಿಮೆ! ವಿಮಾನ ಏಕೆ ಧ್ರುವದ ದಾರಿ ಹಿಡಿಯಿತು ಎಂಬುದಕ್ಕೆ ಅರ್ಧ ಉತ್ತರ ಇಲ್ಲಿ ಸಿಕ್ಕಿತು.

ಪಿಯುಸಿ ವಿಜ್ಞಾನದ ವಿದ್ಯಾರ್ಥಿಗಳು ಇನ್ನೂ ನಿಖರವಾಗಿ ಮಾಡಬಹುದು. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ ಇಟ್ಟುಕೊಳ್ಳಿ. ಎರಡು ಅಕ್ಷಾಂಶಗಳ ಕೊಸೈನ್‌ಗಳನ್ನೂ ರೇಖಾಂಶ ವ್ಯತ್ಯಾಸದ ಕೊಸೈನನ್ನೂ ಗುಣಿಸಿ ಅದಕ್ಕೆ ಕೂಡಿ. ಬಂದದ್ದು ಎರಡು ಊರಿನ ನಡುವಿನ ಕೋನದ ಕೊಸೈನ್. ಬೆಂಗಳೂರು 77.7 ಪೂರ್ವ, ಸ್ಯಾನ್‌ಫ್ರಾನ್ಸಿಸ್ಕೊ 122.4 ಪಶ್ಚಿಮ. ಕೂಡಿದರೆ 200.1. ಇದು 180ಕ್ಕಿಂತ ಹೆಚ್ಚಾದ್ದರಿಂದ 360ರಲ್ಲಿ ಕಳೆದು 159.9 ಎಂದು ಹಿಡಿಯಿರಿ. ಕೊನೆಗೆ ಋಣ 0.585 ಬರುತ್ತದೆ. ಕೋನ 125.8 ಡಿಗ್ರಿ. ದೂರ 13,989 ಕಿ.ಮೀ. ಮಾಡಿ ನೋಡಿ.

ಹತ್ತಿರದ ದಾರಿಯೇ ಬೇಗದ ದಾರಿಯೇ?

ಇನ್ನು ಪೋಸ್ಟ್‌ಮಾಸ್ಟರ ಎರಡನೆಯ ಪ್ರಶ್ನೆ. ಹೋಗುವಾಗ ಹದಿನಾರು ತಾಸು, ಬರುವಾಗ ಹದಿನೇಳೂಮುಕ್ಕಾಲು ಏಕೆ?

ಇದನ್ನು ತರಗತಿಯಲ್ಲಿ ಕೇಳಿದರೆ ಪ್ರತಿ ವರ್ಷವೂ ಯಾರಾದರೊಬ್ಬ ಹುಡುಗ ಎದ್ದು ನಿಂತು, "ಭೂಮಿ ತಿರುಗುತ್ತೆ ಸಾರ್, ಅದಕ್ಕೆ" ಎನ್ನುತ್ತಾನೆ. ಅಲ್ಲ. ಓಡುವ ಬಸ್ಸಿನೊಳಗೆ ಚೆಂಡನ್ನು ಮೇಲಕ್ಕೆ ಎಸೆದರೆ ಅದು ಹಿಂದಿನ ಸೀಟಿಗೆ ಬೀಳುತ್ತದೆಯೇ? ನಿಮ್ಮ ಕೈಗೇ ಬೀಳುತ್ತದೆ. ಬಸ್ಸಿನ ವೇಗ ಚೆಂಡಿಗೂ ಇದೆ. ಹಾಗೆಯೇ ಭೂಮಿಯ ಜೊತೆ ಅದರ ಗಾಳಿಯೂ, ಗಾಳಿಯಲ್ಲಿರುವ ವಿಮಾನವೂ ತಿರುಗುತ್ತಲೇ ಇರುತ್ತವೆ. ಮೇಲೆ ಸುಮ್ಮನೆ ತೇಲುತ್ತಾ ನಿಂತು ಕೆಳಗೆ ಅಮೆರಿಕ ಬರಲಿ ಎಂದು ಕಾದರೆ ಅದು ಬರುವುದಿಲ್ಲ.

ಕಾರಣ ಗಾಳಿ. ನೆಲದಿಂದ ಒಂಬತ್ತು ಹತ್ತು ಕಿ.ಮೀ. ಎತ್ತರದಲ್ಲಿ, ವಿಮಾನಗಳು ಹಾರುವ ಮಟ್ಟದಲ್ಲಿಯೇ, ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಗಾಳಿ ಇದೆ. ಅದೇ ಜೆಟ್ ಪ್ರವಾಹ. ಚಳಿಗಾಲದಲ್ಲಿ ಅದರ ವೇಗ ಕೆಲವೊಮ್ಮೆ ತಾಸಿಗೆ 300 ಕಿ.ಮೀ. ಮೀರುತ್ತದೆ. 1920ರ ದಶಕದಲ್ಲಿ ಜಪಾನಿನ ಓಯಿಶಿ ಎಂಬ ಹವಾಮಾನ ವಿಜ್ಞಾನಿ ಬಲೂನು ಹಾರಿಸಿ ಹಾರಿಸಿ ಈ ಗಾಳಿಯನ್ನು ಅಳೆದರು. ಲೋಕಕ್ಕೆಲ್ಲ ತಿಳಿಯಲಿ ಎಂದು ತಮ್ಮ ವರದಿಯನ್ನು ಎಸ್ಪೆರಾಂಟೊ ಎಂಬ, ಎಲ್ಲ ದೇಶದವರಿಗೂ ಎಂದು ಕಟ್ಟಿದ ಹೊಸ ಭಾಷೆಯಲ್ಲಿ ಬರೆದರು. ಪಾಪ, ಹೆಚ್ಚು ಜನ ಓದಲೇ ಇಲ್ಲ! ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಹಾರಿದ ಅಮೆರಿಕದ ಬಾಂಬರುಗಳು ಎದುರು ಗಾಳಿಗೆ ಸಿಕ್ಕಿ ತಬ್ಬಿಬ್ಬಾದವು.

ಗಣಿತದಲ್ಲಿ ದೋಣಿಯ ಲೆಕ್ಕ ಮಾಡಿದ್ದೀರಲ್ಲ, ಅದೇ ಇದು. ವಿಮಾನದ ಸ್ವಂತ ವೇಗ ತಾಸಿಗೆ 900 ಕಿ.ಮೀ., ಗಾಳಿಯದು 100, ದೂರ 5,400 ಎಂದಿಟ್ಟುಕೊಳ್ಳಿ. ಗಾಳಿಯ ಜೊತೆ ಹೋದರೆ ವೇಗ 1,000, ಹೊತ್ತು 5.4 ತಾಸು. ಎದುರು ಬಂದರೆ ವೇಗ 800, ಹೊತ್ತು 6.75 ತಾಸು. ಹೋಗಿ ಬರಲು 12.15 ತಾಸು. ಗಾಳಿಯೇ ಇಲ್ಲದಿದ್ದರೆ 12. ಹೋಗುವಾಗ ಗಳಿಸಿದ್ದು ಬರುವಾಗ ಕಳೆದದ್ದಕ್ಕೆ ಸರಿಹೋಗುವುದಿಲ್ಲ ಎಂಬುದನ್ನು ಗಮನಿಸಿ. ನಷ್ಟದಲ್ಲಿ ಹೆಚ್ಚು ಹೊತ್ತು ಇರುತ್ತೇವೆ, ಲಾಭದಲ್ಲಿ ಕಡಿಮೆ ಹೊತ್ತು!

2020ರ ಫೆಬ್ರವರಿಯಲ್ಲಿ ಒಂದು ಬಿರುಗಾಳಿಯ ದಿನ ಬ್ರಿಟಿಷ್ ಏರ್‌ವೇಸ್‌ನ ಜಂಬೋ ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ತಾಸು 56 ನಿಮಿಷದಲ್ಲಿ ಬಂತು. ನೆಲದ ಲೆಕ್ಕದಲ್ಲಿ ಅದರ ವೇಗ ಒಂದು ಹಂತದಲ್ಲಿ ತಾಸಿಗೆ 1,300 ಕಿ.ಮೀ. ದಾಟಿತ್ತು. ಹಾಗಾದರೆ ಅದು ಶಬ್ದದ ವೇಗ ಮೀರಿತೇ? ಇಲ್ಲ. ಶಬ್ದಕ್ಕೂ ವಿಮಾನಕ್ಕೂ ಲೆಕ್ಕ ಸುತ್ತಲಿನ ಗಾಳಿಯಿಂದ. ಆ ಗಾಳಿಯೇ ಓಡುತ್ತಿತ್ತು.

ಈಗ ನಮ್ಮ ವಿಮಾನಕ್ಕೆ ಬನ್ನಿ. ಇಲ್ಲಿಂದ ಹೋಗುವಾಗ ಪೂರ್ವಕ್ಕೆ ತಿರುಗಿ ಪೆಸಿಫಿಕ್ ಮೇಲೆ ಹಾರಿದರೆ ದಾರಿ ಉದ್ದವಾದರೂ ಬೆನ್ನಿಗೆ ಗಾಳಿ ಸಿಗುತ್ತದೆ. ಬರುವಾಗ ಅದೇ ದಾರಿ ಹಿಡಿದರೆ ಗಾಳಿ ಎದೆಗೆ ಹೊಡೆಯುತ್ತದೆ. ಅದನ್ನು ತಪ್ಪಿಸಿಕೊಳ್ಳಲು ಧ್ರುವದ ಕಡೆಯಿಂದ ಬರುವುದು ಲೇಸು. 2021ರ ಆ ಮೊದಲ ವಿಮಾನ ಹಾರಿದ ದಾರಿಯ ಒಟ್ಟು ಉದ್ದ ಸುಮಾರು 16 ಸಾವಿರ ಕಿ.ಮೀ. ಎಂದು ಪತ್ರಿಕೆಗಳು ಬರೆದಿದ್ದವು. ನೇರ ದೂರಕ್ಕಿಂತ ಎರಡು ಸಾವಿರ ಹೆಚ್ಚು. ಊರುಗಳ ನಡುವಿನ ದೂರ ಬೇರೆ, ಹಾರಿದ ದೂರ ಬೇರೆ.

ಗಾಳಿಯಷ್ಟೇ ಅಲ್ಲ, ಮನುಷ್ಯರ ಜಗಳವೂ ದಾರಿ ಉದ್ದ ಮಾಡುತ್ತದೆ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯದ ಆಕಾಶ ಯೂರೋಪಿನ ವಿಮಾನಗಳಿಗೆ ಮುಚ್ಚಿತು. ಫಿನ್‌ಲ್ಯಾಂಡಿನ ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತೂವರೆ ತಾಸಿನ ಪ್ರಯಾಣ ಸುಮಾರು 13 ತಾಸಿಗೆ ಏರಿತು. ಎರಡೂ ಊರು ಇದ್ದಲ್ಲಿಯೇ ಇವೆ!

ದರ್ಜಿ ಹೇಳಿದ ಮಾತು

ಅಂದು ಸಂಜೆ ಶಾಲೆ ಮುಗಿಸಿ ನೇರ ಪೇಟೆಬೀದಿಗೆ ಹೋದೆ. ಆ ಹುಡುಗಿಯ ತಂದೆ ಅಲ್ಲಿ ದರ್ಜಿ. ಮಾಸ್ಕು ಹೊಲಿಯುತ್ತಾ ಕುಳಿತಿದ್ದರು. ಆ ಹಳೆಯ ಚಟುವಟಿಕೆಯ ಕಥೆ, ನಾನು ಕೊಟ್ಟ ಒಂದು ಅಂಕ, ಪತ್ರಿಕೆಯಲ್ಲಿ ಬಂದ 13,993, ಎಲ್ಲವನ್ನೂ ಹೇಳಿದೆ. ಅವರು ಮಿಷನ್ ನಿಲ್ಲಿಸಿ ಕೊರಳಲ್ಲಿದ್ದ ಟೇಪು ಮುಟ್ಟಿ ನೋಡಿಕೊಂಡರು.

"ಆ ದಿನ ಕೇಳಿಕೊಂಡು ತಗೊಂಡು ಹೋಗಿದ್ದು ಗ್ಯಾನ ಐತೆ ಮೇಷ್ಟ್ರೇ. ದುಂಡಗಿರೋದನ್ನ ಪಟ್ಟೀಲಿ ಅಳೆದ್ರೆ ಆಗುತ್ತಾ? ಎದೆ ಸುತ್ತು ಅಳತೆ ಪಟ್ಟೀಲಿ ತಗೊಂಡ್ರೆ ಅಂಗಿ ಮೈಗೆ ಕೂರಲ್ಲ."

ಒಂದು ಸಾಲಿನಲ್ಲಿ ಇಡೀ ಪಾಠ! ಮೂರು ದಶಕ ಸೀಮೆಸುಣ್ಣ ಹಿಡಿದ ನನಗೆ ಹೊಳೆಯದ್ದು ಅವರಿಗೆ ದಿನನಿತ್ಯದ ಕೆಲಸ. ಆ ಮಗು ಅದನ್ನು ಮನೆಯಲ್ಲಿ ನೋಡಿ ಕಲಿತು ಶಾಲೆಗೆ ತಂದಿತ್ತು. ನಾನು ಅದನ್ನು ಜಾಣತನ ಎಂದು ಹೊರಗೆ ಕಳಿಸಿದ್ದೆ.

ಅವಳು ಬಿ.ಕಾಂ. ಮುಗಿಸಿ ಶಿವಮೊಗ್ಗದಲ್ಲಿ ಕೆಲಸಕ್ಕಿದ್ದಳು. ವಿಜ್ಞಾನ ಬಿಟ್ಟದ್ದಕ್ಕೆ ನಾನೇ ಕಾರಣ ಎಂದು ಹೇಳಲಾರೆ, ಕಾರಣವಲ್ಲ ಎಂದೂ ಹೇಳಲಾರೆ. ತಂದೆಯವರೇ ಫೋನು ಹಚ್ಚಿಕೊಟ್ಟರು. "ನಿನ್ನ ಲೆಕ್ಕವೇ ಸರಿ ಇತ್ತಮ್ಮ. ನಂದು ತಪ್ಪು" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಕ ಎಷ್ಟು ಬಂದಿತ್ತು ಅಂತ ನೆನಪಿಲ್ಲ ಸಾರ್. ಜಾಣತನ ಬೇಡ ಅಂದಿದ್ದು ನೆನಪಿದೆ" ಎಂದಳು. ನನ್ನ ಬಳಿ ಮಾತಿರಲಿಲ್ಲ. ಆಮೇಲೆ ಅವಳೇ, "ಅಲ್ಲ ಸಾರ್, ಧ್ರುವದ ಮೇಲೆ ಹೋದರೆ ಯಾವ ಕಡೆ ತಿರುಗಿದರೂ ದಕ್ಷಿಣವೇ ಅಲ್ವಾ? ಅಲ್ಲಿ ದಿಕ್ಸೂಚಿ ಏನು ತೋರಿಸುತ್ತೆ?" ಎಂದು ಕೇಳಿದಳು.

ಎಂಟು ಒಂಬತ್ತು ವರ್ಷದ ಮೇಲೆ ಒಂದು ಪ್ರಶ್ನೆ! ಅದಕ್ಕೆ ಉತ್ತರ ಮುಂದಿನ ವಾರ ಬರೆಯುತ್ತೇನೆ.

ಅಂದಿನಿಂದ ಪ್ರತಿ ವರ್ಷ ಈ ಪಾಠ ಬಂದಾಗ ತರಗತಿಯಲ್ಲಿ ನನ್ನ 22,500ರ ಕಥೆಯನ್ನೇ ಮೊದಲು ಹೇಳುತ್ತೇನೆ. ಮಕ್ಕಳು ನಗುತ್ತಾರೆ, ನಗಲಿ. ತಂದೆ ತಾಯಂದಿರಲ್ಲಿ ಒಂದು ಮಾತು. ಮಗುವಿನ ಉತ್ತರ ಗೈಡಿನ ಉತ್ತರಕ್ಕೆ ತಾಳೆಯಾಗದಿದ್ದರೆ ಬಯ್ಯುವ ಮೊದಲು "ಹೇಗೆ ಮಾಡಿದೆ?" ಎಂದು ಕೇಳಿ. ನಿಮ್ಮ ಕಸುಬು ಯಾವುದೇ ಇರಲಿ, ಅದರಲ್ಲಿ ಅಳತೆ ಇದೆ, ತೂಕ ಇದೆ, ಲೆಕ್ಕ ಇದೆ. ಅದನ್ನು ಮಕ್ಕಳಿಗೆ ತೋರಿಸಿ.

ಮಕ್ಕಳೇ, ನಿಮಗೆ ಈ ವಾರದ ಕೆಲಸ. ಮನೆಯಿಂದ ಒಂದು ಟೇಪು ಅಥವಾ ದಾರ ತಂದು ಶಾಲೆಯ ಗ್ಲೋಬಿನ ಮೇಲೆ ಬೆಂಗಳೂರಿನಿಂದ ಲಂಡನ್, ಟೋಕಿಯೋ, ಸಿಡ್ನಿ ಅಳೆಯಿರಿ. ದಾರ ಯಾವ ದೇಶಗಳ ಮೇಲೆ ಹಾದುಹೋಯಿತು ಎಂದು ಬರೆದುಕೊಳ್ಳಿ. ಆಮೇಲೆ ನಕ್ಷೆಯ ಮೇಲೆ ಪಟ್ಟಿಯಿಂದ ಅಳೆದು ಹೋಲಿಸಿ. ಎರಡೂ ತಾಳೆಯಾಗದಿದ್ದರೆ ಹೆದರಬೇಡಿ. ನಿಮ್ಮ ಮೇಷ್ಟ್ರನ್ನು ಹೋಗಿ ಕೇಳಿ.